ಬಿಸಿಲೂರಿನ ಗೋಡೆಯೊಳಗಿನ ತಂತಿ

ಹೋದ ಏಪ್ರಿಲ್‌ನ ಒಂದು ಸಂಜೆ ಮಾನ್ವಿಯ ಎಲೆಕ್ಟ್ರಿಕಲ್ ಅಂಗಡಿಯೊಂದರಲ್ಲಿ ನಿಂತಿದ್ದೆ. ಹಿರಿಯರೊಬ್ಬರು ಬಂದು, ದಸ್ತಿಯಲ್ಲಿ ಸುತ್ತಿ ತಂದಿದ್ದ ಎಂಸಿಬಿಯನ್ನು, ಅಂದರೆ ಭಾರ ಹೆಚ್ಚಾದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್ಚನ್ನು, ಬಿಚ್ಚಿ ಗಾಜಿನ ಮೇಜಿನ ಮೇಲಿಟ್ಟರು.

"ಇದು ಕೆಟ್ಟೈತಿ ತಮ್ಮಾ. ಎಸಿ ಹಚ್ಚಿ, ಸೊಸಿ ಕರೆಂಟ್ ಒಲಿ ಮ್ಯಾಲ ಅನ್ನಕ್ಕ ಇಟ್ಳಂದ್ರ ಅರ್ಧ ತಾಸಿಗೆ ಟಪ್ ಅಂತ ಬೀಳ್ತೈತಿ. ಈ ಹದಿನಾರರದು ಬ್ಯಾಡ, ಮೂವತ್ತೆರಡರದು ಕೊಡು."

ಅಂಗಡಿಯ ಹುಡುಗ ಮರುಮಾತಿಲ್ಲದೆ 32 ಆಂಪಿಯರಿನ ಎಂಸಿಬಿ ತೆಗೆದ. ನನಗೆ ಸುಮ್ಮನಿರಲಾಗಲಿಲ್ಲ. "ಕಾಕಾ, ಆ ಲೈನಿಗೆ ಗ್ವಾಡಿ ಒಳಗ ಯಾವ ವೈರ್ ಹಾಕ್ಯಾರ?" ಎಂದೆ.

"ಸ್ಲ್ಯಾಬ್ ಹಾಕೂ ಮುಂದ ವೈರ್‌ಮನ್ ಏನ್ ಹಾಕ್ಯಾನೋ, ನನಗೇನ್ ಗೊತ್ತಪಾ?"

ಅವರ ಮನೆ ಎರಡು ಓಣಿ ಆಚೆ. ಮೇನ್ ಆಫ್ ಮಾಡಿ ಬೋರ್ಡಿನ ತಿರುಪು ಬಿಚ್ಚಿ ನೋಡಿದೆವು. ಎಸಿಗೂ ಅಡುಗೆಮನೆಗೂ ಸೇರಿ ಒಂದೇ ಲೈನು. ತಂತಿ ಒಂದೂವರೆಯದು, ಅಂದರೆ 1.5 ಚದರ ಮಿಲಿಮೀಟರ್. ಸಾಕೆಟ್ಟಿನ ಹಿಂದೆ ಕೆಂಪು ವೈರಿನ ತುದಿ ಕಂದಾಗಿ ಬಿರುಸಾಗಿತ್ತು, ಉಗುರು ತಾಗಿಸಿದರೆ ಹೊಟ್ಟಿನಂತೆ ಉದುರಿತು. ಎಂಸಿಬಿ ಕೆಟ್ಟಿರಲಿಲ್ಲ. ಆ ಲೈನಿನಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದ ವಸ್ತು ಅದೊಂದೇ.

ಈ ತಪ್ಪು ಒಬ್ಬರದಲ್ಲ. ರಾಯಚೂರು ನಗರದಲ್ಲಿ, ದೇವದುರ್ಗದಲ್ಲಿ, ಕಾಲುವೆ ನೀರು ಬಂದು ಭತ್ತ ಬೆಳೆದ ಮಾನ್ವಿಯ ಕ್ಯಾಂಪುಗಳಲ್ಲಿ ನಾನು ನೋಡಿದ ಮನೆಗಳಲ್ಲೆಲ್ಲ ಇದೇ ನಂಬಿಕೆ: ಎಂಸಿಬಿ ಇರುವುದು ಎಸಿಗಾಗಿ, ಫ್ರಿಜ್ಜಿಗಾಗಿ, ಯಂತ್ರ ದೊಡ್ಡದಾದರೆ ಎಂಸಿಬಿಯೂ ದೊಡ್ಡದಾಗಬೇಕು. ಆದರೆ ಎಂಸಿಬಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ಮೂರು ಅಂಕಿಗಳು ಏರುತ್ತ ಹೋಗಬೇಕು. ಮೊದಲನೆಯದು ನಾವು ಹಚ್ಚುವ ಯಂತ್ರಗಳು ಎಳೆಯುವ ಕರೆಂಟು. ಎರಡನೆಯದು ಎಂಸಿಬಿಯ ಮೇಲೆ ಬರೆದ ಅಂಕಿ. ಮೂರನೆಯದು, ಎಲ್ಲಕ್ಕಿಂತ ದೊಡ್ಡದಾಗಿರಬೇಕಾದದ್ದು, ತಂತಿ ತಾನಿರುವ ಜಾಗದಲ್ಲಿ ತಾಳಿಕೊಳ್ಳಬಲ್ಲ ಕರೆಂಟು. ಈ ಕ್ರಮ ತಪ್ಪಿದ ಮನೆಯಲ್ಲಿ ಕಾವಲುಗಾರನಿದ್ದೂ ಕಾವಲಿಲ್ಲ.

ಕಾಕಾನ ಮನೆಯ ಲೆಕ್ಕವನ್ನೇ ನೋಡೋಣ. ಒಂದೂವರೆ ಟನ್ನಿನ ಎಸಿ ಸುಮಾರು 8 ಆಂಪಿಯರ್ ಎಳೆಯುತ್ತದೆ. 2000 ವ್ಯಾಟಿನ ಇಂಡಕ್ಷನ್ ಒಲೆಗೆ, 230 ವೋಲ್ಟಿನಿಂದ ಭಾಗಿಸಿದರೆ, 8.7. ಎರಡೂ ಸೇರಿ 17ರ ಹತ್ತಿರ. 16ರ ಎಂಸಿಬಿ 16 ದಾಟಿದ ಕೂಡಲೇ ಬೀಳುವುದಿಲ್ಲ. ಅದನ್ನು ಹೊಂದಿಸಿರುವುದು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ತಾಪಮಾನದಲ್ಲಿ ತನ್ನ ಅಂಕಿಯ 1.13 ಪಟ್ಟು ಕರೆಂಟನ್ನು ಒಂದು ಗಂಟೆಯಾದರೂ ಬಿಡಬೇಕು, 1.45 ಪಟ್ಟು ಹರಿದರೆ ಒಂದು ಗಂಟೆಯೊಳಗೆ ಬೀಳಬೇಕು ಎಂಬುದು ನಿಯಮ. ಒಳಗಿರುವ ಎರಡು ಲೋಹದ ಪಟ್ಟಿ ಬಿಸಿಯಾಗಿ ಬಾಗಿದಾಗ ಅದು ಬೀಳುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಪಡಸಾಲೆಯ ಎಂಸಿಬಿ ಡಬ್ಬಿಯೊಳಗೇ 45 ಡಿಗ್ರಿ ಇದ್ದರೆ ಆ ಪಟ್ಟಿ ಮೊದಲೇ ಅರ್ಧ ಬಾಗಿ ಕುಳಿತಿರುತ್ತದೆ. ಅದಕ್ಕೇ ಅರ್ಧ ತಾಸಿಗೆ ಟಪ್.

ಈಗ ಅಲ್ಲಿ 32ರದನ್ನು ಕೂರಿಸಿದರೆ? ಅದು 36 ಆಂಪಿಯರನ್ನು ಒಂದು ತಾಸು ಮಿಸುಕದೆ ಬಿಡಬಲ್ಲದು. ಆ ಪೈಪಿನೊಳಗಿನ ಒಂದೂವರೆ ವೈರಿಗೆ, ನಮ್ಮ ಸೆಕೆಯಲ್ಲಿ, ಪಕ್ಕದಲ್ಲಿ ಇನ್ನೊಂದು ಲೈನ್ ಇರುವಾಗ, ತಾಳುವ ಶಕ್ತಿ ಸುಮಾರು 11 ಆಂಪಿಯರ್. ತಂತಿಯ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ: ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು. ಹಾಸಿಗೆಯ ತಲೆದೆಸೆಯ ಗೋಡೆಯಲ್ಲಿ, ಕಣ್ಣಿಗೆ ಕಾಣದಂತೆ, ತಾಳಬೇಕಾದದ್ದರ ಹತ್ತು ಪಟ್ಟು ಬಿಸಿ.

ಆ 11 ಎಲ್ಲಿಂದ ಬಂತು ಎಂಬುದೇ ಈ ಬರಹದ ಮುಖ್ಯ ಮಾತು. ಅಂಗಡಿಯಲ್ಲಿ ವೈರಿಗೆ ಕಂಪನಿ ಕೇಳುತ್ತಾರೆ, ಬಣ್ಣ ಕೇಳುತ್ತಾರೆ. "ಎರಡೂವರೆ ಎರಡು ಕಾಯಿಲ್, ಒಂದೂವರೆ ಮೂರು ಕಾಯಿಲ್" ಎಂದರೆ ವ್ಯಾಪಾರ ಮುಗಿಯಿತು. ತಂತಿ ಮಲಗುವ ಜಾಗ ಎಷ್ಟು ಬಿಸಿ ಎಂದು ಯಾರೂ ಕೇಳುವುದಿಲ್ಲ. ಪಿವಿಸಿ ಹೊದಿಕೆಯ ತಂತಿ 70 ಡಿಗ್ರಿವರೆಗೆ ಬಿಸಿಯಾಗಬಹುದು. ಸುತ್ತಲಿನ ಹವೆ 30 ಡಿಗ್ರಿ ಇದ್ದರೆ ಬಿಸಿಯೇರಲು 40 ಡಿಗ್ರಿಯ ಅವಕಾಶ ಉಂಟು. ಸುತ್ತಲೇ 50 ಡಿಗ್ರಿ ಇದ್ದರೆ ಉಳಿಯುವುದು 20 ಮಾತ್ರ. ಅಂತರರಾಷ್ಟ್ರೀಯ ಕೋಷ್ಟಕಗಳು ಲೆಕ್ಕ ಹಾಕಿರುವುದು 30 ಡಿಗ್ರಿಗೆ. ಗೋಡೆಯ ಪೈಪಿನಲ್ಲಿ ಒಂದೇ ಲೈನ್ ಇದ್ದಾಗ ಒಂದೂವರೆಗೆ 17.5 ಆಂಪಿಯರ್, ಎರಡೂವರೆಗೆ 24, ನಾಲ್ಕಕ್ಕೆ 32 ಎಂದು ಅವು ಹೇಳುತ್ತವೆ. 45 ಡಿಗ್ರಿಗೆ ಈ ಅಂಕಿಗಳನ್ನು 0.79ರಿಂದ ಗುಣಿಸಬೇಕು, 50 ಡಿಗ್ರಿಗೆ 0.71ರಿಂದ. ಅದೇ ಪೈಪಿನಲ್ಲಿ ಇನ್ನೊಂದು ಲೈನ್ ಕೂಡಿಕೊಂಡರೆ ಮತ್ತೆ 0.8ರಿಂದ. 17.5ನ್ನು 0.79ರಿಂದಲೂ 0.8ರಿಂದಲೂ ಗುಣಿಸಿದರೆ ಬರುವುದೇ ಆ 11.

ರಾಯಚೂರಿನಲ್ಲಿ 50 ಡಿಗ್ರಿ ಎಲ್ಲಿಯದು ಎನ್ನಬೇಡಿ. ಹವಾಮಾನದವರು ಅಳೆಯುವುದು ನೆರಳಿನ ಗಾಳಿಯನ್ನು. ತಂತಿ ಮಲಗಿರುವುದು ಮಾಳಿಗೆಯ ಕಾಂಕ್ರೀಟಿನಲ್ಲಿ. ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೆ ಮಂಚದ ಮೇಲೆ ನಿಂತು ಸ್ಲ್ಯಾಬಿನ ತಳಕ್ಕೆ ಅಂಗೈ ಇಟ್ಟು ನೋಡಿ, ಗೊತ್ತಾಗುತ್ತದೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಬೆಳಗಿನ ಜಾವದವರೆಗೂ ಬಿಡುತ್ತಿರುತ್ತದೆ. ಎಸಿ ಎಡೆಬಿಡದೆ ಓಡುವುದೂ ಅದೇ ಹೊತ್ತಿನಲ್ಲಿ.

ಗುಣಿಸೋಣ. ಎರಡೂವರೆ ವೈರ್ ಸ್ಲ್ಯಾಬಿನ ಪೈಪಿನಲ್ಲಿ ಒಂಟಿಯಾಗಿದ್ದರೆ, 50 ಡಿಗ್ರಿಯಲ್ಲಿ 17 ಆಂಪಿಯರ್ ತಾಳುತ್ತದೆ. 16ರ ಎಂಸಿಬಿ ಕೆಳಗೆ ಅದು ಕ್ಷೇಮ. ಅದೇ ಪೈಪಿನಲ್ಲಿ ಇನ್ನೊಂದು ಪವರ್ ಲೈನ್ ತುರುಕಿದರೆ 13.6ಕ್ಕೆ ಇಳಿಯುತ್ತದೆ, 16ರ ಎಂಸಿಬಿ ಅದನ್ನು ಕಾಯಲಾರದು. ಆಗ ನಾಲ್ಕರ ವೈರ್ ಬೇಕು: 32ನ್ನು ಹಾಗೆಯೇ ಗುಣಿಸಿದರೆ 18.2 ಉಳಿಯುತ್ತದೆ. ದೀಪ, ಫ್ಯಾನು, ಮೊಬೈಲ್ ಚಾರ್ಜರಿನ ಸಣ್ಣ ಸಾಕೆಟ್ಟುಗಳಿಗೆ ಒಂದೂವರೆ ಸಾಕು, ಮೇಲೆ 6 ಅಥವಾ 10ರ ಎಂಸಿಬಿ. ಮನೆ ಕಟ್ಟುವವರಿಗೆ ನಾನು ಹೇಳುವುದು ಇಷ್ಟು: ಸೆಂಟ್ರಿಂಗ್ ಹಾಕಿ ಕಬ್ಬಿಣ ಕಟ್ಟುವ ದಿನ ಸ್ಥಳದಲ್ಲಿರಿ, ಎಸಿಗೆ ಬೇರೆ ಪೈಪು, ಅಡುಗೆಮನೆಗೆ ಬೇರೆ ಪೈಪು ಬಿಡಿಸಿ. ಆ ದಿನ ಒಂದು ಪೈಪಿಗೆ ಆಗುವ ಖರ್ಚು ಚಹಾದಂಗಡಿಯ ಲೆಕ್ಕದ್ದು. ಕಾಂಕ್ರೀಟು ಬಿದ್ದ ಮೇಲೆ ಎಷ್ಟು ಕೊಟ್ಟರೂ ಅದು ಆಗದು. ಸಾಧ್ಯವಾದರೆ ಪವರ್ ಲೈನನ್ನು ಸ್ಲ್ಯಾಬಿಗೆ ಹತ್ತಿಸದೆ ಒಳಗೋಡೆಯಲ್ಲೇ ಒಯ್ಯಿರಿ. ಪಡುವಣ ಬಿಸಿಲು ಬಡಿಯುವ ಗೋಡೆಯಲ್ಲಿ ಡಬ್ಬಿ ಕೂರಿಸಬೇಡಿ.

ಒಂದು ಪವರ್ ಲೈನಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟು ಎರಡಕ್ಕಿಂತ ಹೆಚ್ಚು ಬೇಡ, 3000 ವ್ಯಾಟ್ ಮೀರಬಾರದು ಎಂದು ನಮ್ಮ ವೈರಿಂಗ್ ಸಂಹಿತೆ ಬಹುಕಾಲದಿಂದ ಹೇಳುತ್ತ ಬಂದಿದೆ. ಬ್ರಿಟನ್ನಿನಲ್ಲಿ ಒಂದೇ ಲೈನಿನಲ್ಲಿ ಹಲವು ಸಾಕೆಟ್ಟುಗಳನ್ನು ಸುತ್ತಿಸುವ ಪದ್ಧತಿಯಿದೆ. ಅಲ್ಲಿ ಪ್ರತಿ ಪ್ಲಗ್ಗಿನೊಳಗೆ ಸಣ್ಣದೊಂದು ಫ್ಯೂಸ್ ಇರುತ್ತದೆ. ನಮ್ಮ ದುಂಡು ಕಾಲಿನ ಪ್ಲಗ್ಗುಗಳ ಮೂಲವೂ ಅಲ್ಲಿಯ ಹಳೆಯ ಮಾದರಿಯೇ, ಆದರೆ ಒಳಗೆ ಫ್ಯೂಸ್ ಇಲ್ಲ. ಆದ್ದರಿಂದ ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್ಟಿಗೆ ಸೇರಿಸುವ ಕನ್ವರ್ಟರ್, ಅದರ ಹಿಂದೆ ದಾರದಂಥ ವೈರಿನ ಎಕ್ಸ್‌ಟೆನ್ಷನ್ ಬೋರ್ಡು, ಅದರ ತುದಿಗೆ 1500 ವ್ಯಾಟಿನ ನೀರು ಕಾಯಿಸುವ ರಾಡು: ಈ ಸಾಲಿನಲ್ಲಿ ಆ ಸಣ್ಣ ವೈರನ್ನು ಕಾಯುವವರು ಯಾರೂ ಇಲ್ಲ. ನನ್ನನ್ನು ಕೇಳಿದರೆ ಆ ಕನ್ವರ್ಟರ್ ಪ್ಲಗ್ಗು ಮನೆಯೊಳಗೇ ಬರಬಾರದು.

ದೇವದುರ್ಗದ ಹಳೆಯ ಜಂತಿ ಮನೆಯೊಂದನ್ನು ಇಲ್ಲಿ ನೆನೆಯಬೇಕು. ಮಣ್ಣಿನ ಮಾಳಿಗೆ, ತೊಲೆಗುಂಟ ಮರದ ಪಟ್ಟಿ, ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪಿನಲ್ಲಿ ಹಿಡಿದ ತಂತಿ, ಬಾಗಿಲ ಬದಿಗೆ ಪಿಂಗಾಣಿ ಫ್ಯೂಸು. ಅಂಥ ವೈರಿಂಗನ್ನು ನಾನು ಹೀಗಳೆಯುವುದಿಲ್ಲ. ತಂತಿ ಗಾಳಿಯಲ್ಲಿತ್ತು, ತಂಪಾಗಿರುತ್ತಿತ್ತು, ಸುಟ್ಟರೆ ಕಣ್ಣಿಗೆ ಕಾಣುತ್ತಿತ್ತು. ಅದನ್ನು ಹಾಕಿದ್ದು ಮೂರು ದೀಪ, ಒಂದು ರೇಡಿಯೊಗೆ. ಬಡವರ ಮನೆಗೆ ದೀಪ ಕೊಟ್ಟ ಭಾಗ್ಯಜ್ಯೋತಿ ಯೋಜನೆಯಲ್ಲಿ ಬೆಳಕು ಕಂಡ ಎಷ್ಟೋ ಮನೆಗಳಿಗಂತೂ ಒಂದೇ ಬಲ್ಬಿನ ಲೆಕ್ಕ. ಈಗ ಅದೇ ತಂತಿಗೆ ಫ್ರಿಜ್ಜು, ಕೂಲರ್, ಮಿಕ್ಸಿ, ನೀರಿನ ಮೋಟರ್ ನೇತುಬಿದ್ದಿವೆ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಬಿಲ್ಲಿಗೆ ಹೆದರಿ ಕೂಲರ್ ಬಂದ್ ಮಾಡುತ್ತಿದ್ದ ಮನೆಗಳಲ್ಲೂ ಅದು ಓಡುತ್ತಿದೆ. ಓಡಲಿ, ಬಿಸಿಲೂರಿನ ಬಡವರಿಗೆ ತಂಪುಗಾಳಿ ಸಿಗಬೇಕಾದದ್ದೇ. ಆದರೆ ವಿದ್ಯುತ್ ಕಂಪನಿ ಜೆಸ್ಕಾಂನ ಹೊಣೆ ಮೀಟರಿನವರೆಗೆ. ಆಚೆಗಿನ ತಂತಿ ಮನೆಯವರದು, ಅದು ಹಳೆಯದೇ ಆಗಿ ಉಳಿದಿದೆ.

ಆ ಮನೆಯ ಪಿಂಗಾಣಿ ಫ್ಯೂಸು ಎಳೆದು ನೋಡಿದರೆ, ಒಳಗೆ ವೈರಿನ ನಾಲ್ಕೆಳೆ ಹೊಸೆದು ಕಟ್ಟಿದ್ದರು. 5 ಆಂಪಿಯರಿನ ಫ್ಯೂಸ್ ತಂತಿ 0.2 ಮಿಲಿಮೀಟರ್ ದಪ್ಪ, 15ರದು 0.5. ಆ ಹೊಸೆದ ಎಳೆ ಯಾವ ಅಂಕಿಯದು ಎಂದು ಕಟ್ಟಿದವನಿಗೂ ಗೊತ್ತಿರಲಾರದು. ಮೇಲೆ ಜಂತಿ, ಜಂತಿಯ ಮೇಲೆ ಒಣ ಕಟ್ಟಿಗೆ. ಅಂಥ ಮನೆಗೆ ಮೊದಲು ಬೇಕಾದದ್ದು ಹೊಸ ಫ್ರಿಜ್ಜಲ್ಲ, ಎರಡು ಎಂಸಿಬಿ ಇರುವ ಒಂದು ಸಣ್ಣ ಡಬ್ಬಿ, ಮತ್ತು ಫ್ರಿಜ್ಜಿಗೆ ಪ್ರತ್ಯೇಕವಾಗಿ ಎಳೆದ ಎರಡೂವರೆಯ ಮೂರು ತಂತಿ: ಫೇಸ್, ನ್ಯೂಟ್ರಲ್, ಅರ್ಥಿಂಗ್.

ಇಲ್ಲಿಯವರೆಗೆ ಹೇಳಿದ್ದು ತಂತಿಯನ್ನು ಉಳಿಸುವ ಮಾತು. ಮನುಷ್ಯರನ್ನು ಉಳಿಸುವುದು ಬೇರೆಯೇ ಸಂಗತಿ, ಎಂಸಿಬಿಗೆ ಅದು ಆಗದು.

ಕಬ್ಬಿಣದ ಮೈಯ ಕೂಲರ್ ನಮ್ಮ ಕಡೆಯ ಬೇಸಿಗೆಯ ದೊಡ್ಡ ಅಪಾಯ. ತಳದಲ್ಲಿ ನೀರು, ನೀರಿನಲ್ಲಿ ಮುಳುಗಿದ ಪಂಪು, ತುಕ್ಕು ಹಿಡಿದ ತಗಡು, ಎರಡೇ ಪಿನ್ನಿನ ಪ್ಲಗ್ಗು. ಪಂಪಿನ ವೈರಿನ ಹೊದಿಕೆ ಸವೆದು ತಗಡಿಗೆ ತಾಗಿದರೆ ಇಡೀ ಮೈ ಕರೆಂಟಾಗುತ್ತದೆ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ನೀರು ತುಂಬಿಸುವ ಹೆಣ್ಣುಮಗಳ ದೇಹದ ತಡೆ ಸುಮಾರು 1000 ಓಮ್ ಎಂದಿಟ್ಟುಕೊಂಡರೆ ಹರಿಯುವುದು 0.23 ಆಂಪಿಯರ್. ಹೃದಯ ನಿಲ್ಲಿಸಲು ಅಷ್ಟು ಸಾಕು. 16ರ ಎಂಸಿಬಿ ಇರಲಿ, 6ರದಕ್ಕೂ ಅದು ಒಂದು ಸಣ್ಣ ಬಲ್ಬಿನಷ್ಟು ಭಾರ.

ಹಾಗಾದರೆ ಅರ್ಥಿಂಗ್ ಮಾಡಿಸಿದರೆ ಆಯಿತಲ್ಲ ಎನ್ನುತ್ತಾರೆ. ಬೇಕೇ ಬೇಕು, ಆದರೆ ಅದೊಂದೇ ಸಾಲದು. ತಗ್ಗು ತೋಡಿ, ಇದ್ದಿಲು, ಉಪ್ಪು ಹಾಕಿ ಇಳಿಸಿದ ಪೈಪಿನ ತಡೆ 10 ಓಮ್ ಬಂದರೆ ನಮ್ಮಲ್ಲಿ ಒಳ್ಳೆಯದೆಂದೇ ಲೆಕ್ಕ. ಫೇಸ್ ತಗಡಿಗೆ ತಾಗಿದಾಗ 230ನ್ನು 10ರಿಂದ ಭಾಗಿಸಿದರೆ ನೆಲಕ್ಕೆ ಹರಿಯುವುದು 23 ಆಂಪಿಯರ್, ಟ್ರಾನ್ಸ್‌ಫಾರ್ಮರ್ ಕಡೆಯ ತಡೆ ಸೇರಿಸಿದರೆ ಇನ್ನೂ ಕಡಿಮೆ. 'ಸಿ' ಗುಂಪಿನ 16ರ ಎಂಸಿಬಿ ಒಮ್ಮೆಲೇ ಬೀಳಬೇಕಾದರೆ ಐದರಿಂದ ಹತ್ತು ಪಟ್ಟು, ಅಂದರೆ 80ರಿಂದ 160 ಆಂಪಿಯರ್ ಹರಿಯಬೇಕು. 23ಕ್ಕೆ ಅದು ಒಂದು ತಾಸಿನವರೆಗೂ ಸುಮ್ಮನಿರಬಹುದು. ಅಷ್ಟು ಹೊತ್ತೂ ಕೂಲರಿನ ಮೈಯಲ್ಲಿ ಕರೆಂಟು. ಅದರಲ್ಲೂ ನಮ್ಮ ಎರೆ ನೆಲ. ಮಳೆಗಾಲದಲ್ಲಿ ಎರೆಮಣ್ಣು ಪೈಪನ್ನು ಬಿಗಿಯಾಗಿ ಅಪ್ಪಿ ಹಿಡಿಯುತ್ತದೆ, ತಡೆ ಕಡಿಮೆ. ಬೇಸಿಗೆಯಲ್ಲಿ ಅದೇ ಮಣ್ಣು ಕೈ ಹೋಗುವಷ್ಟು ಬಿರಿದು ಪೈಪಿನಿಂದ ದೂರ ಸರಿಯುತ್ತದೆ. ಕೂಲರ್ ಓಡುವ ತಿಂಗಳುಗಳಲ್ಲೇ ಅರ್ಥಿಂಗ್ ಕೈಕೊಡುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಕೊಡ ನೀರು ಹೊಯ್ಯುವ ಹಳೆಯ ಪದ್ಧತಿಗೆ ಅರ್ಥವಿದೆ, ಬಿಡಬೇಡಿ.

ಈ ಸಂದಿಯನ್ನು ಮುಚ್ಚುವುದು ಆರ್‌ಸಿಸಿಬಿ. ಇನ್ನೂ ಇಎಲ್‌ಸಿಬಿ ಎಂದೇ ಕರೆಯುವವರಿದ್ದಾರೆ. ಫೇಸಿನಲ್ಲಿ ಹೋದ ಕರೆಂಟೂ ನ್ಯೂಟ್ರಲ್‌ನಲ್ಲಿ ಮರಳಿದ ಕರೆಂಟೂ ಸಮವಾಗಿವೆಯೇ ಎಂದು ಅದು ಎಡೆಬಿಡದೆ ತೂಗುತ್ತಿರುತ್ತದೆ. ಮಧ್ಯೆ ಯಾರದೋ ಮೈಯೊಳಗಿಂದ ನೆಲಕ್ಕೆ ಸೋರಿದರೆ ತಕ್ಕಡಿ ವಾಲುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರಿನದು. 100, 300ರವು ಬೆಂಕಿ ತಡೆಯಲು, ಜೀವ ಉಳಿಸಲು ಅಲ್ಲ. ಆ 0.23 ಆಂಪಿಯರ್ ಸೋರಿಕೆಗೆ ಒಳ್ಳೆಯ ಆರ್‌ಸಿಸಿಬಿ 40 ಮಿಲಿಸೆಕೆಂಡಿನೊಳಗೆ ಲೈನ್ ಕಡಿಯುತ್ತದೆ. ಅರ್ಥಿಂಗ್ ಒಣಗಿ ತಡೆ ನೂರಾರು ಓಮ್‌ಗೆ ಏರಿದ್ದರೂ ಅದಕ್ಕೆ ಕೆಲಸ ಮಾಡಲು ಬರುತ್ತದೆ. ಆದರೆ ಹೆಚ್ಚು ಭಾರವನ್ನು ಅದು ತಡೆಯುವುದಿಲ್ಲ, ಅದಕ್ಕೆ ಎಂಸಿಬಿಯೇ ಬೇಕು. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನೂ ಅದು ಉಳಿಸಲಾರದು.

ಆರ್‌ಸಿಸಿಬಿ ಹಾಕಿಸಿಯೂ ತೆಗೆಸಿದ ಮನೆಗಳು ರಾಯಚೂರಿನಲ್ಲಿ ನನಗೆ ಸಿಕ್ಕಿವೆ. "ದಿನಾ ಬೀಳ್ತದ್ರಿ, ಸಾಕಾಗಿ ಬೈಪಾಸ್ ಮಾಡಿಸೀನಿ" ಎಂದರು ನಗರದ ಅಕ್ಕ ಒಬ್ಬರು. ಹುಡುಕಿದರೆ ಕಾರಣ ಇನ್ವರ್ಟರ್. ಇನ್ವರ್ಟರ್ ಕೂರಿಸಲು ಬಂದವರು ಅದರ ದೀಪಗಳ ನ್ಯೂಟ್ರಲನ್ನೂ ಉಳಿದ ಲೈನುಗಳ ನ್ಯೂಟ್ರಲನ್ನೂ ಒಂದೇ ಗಂಟಿಗೆ ಕಟ್ಟಿದ್ದರು. ಒಂದು ದಾರಿಯಿಂದ ಹೋದ ಕರೆಂಟು ಇನ್ನೊಂದು ದಾರಿಯಿಂದ ಮರಳಿದರೆ ತಕ್ಕಡಿ ವಾಲದೆ ಏನು ಮಾಡೀತು? ನ್ಯೂಟ್ರಲ್‌ಗಳನ್ನು ಬಿಡಿಸಿ, ಆಯಾ ಲೈನಿನದನ್ನು ಆಯಾ ಲೈನಿಗೇ ಕೊಟ್ಟ ಮೇಲೆ ಒಮ್ಮೆಯೂ ಬಿದ್ದಿಲ್ಲ. ವೈರ್‌ಮನ್ ಆದವನು ಈ ಅರ್ಧ ದಿನದ ತಾಳ್ಮೆಯನ್ನು ತೋರಿಸಲೇಬೇಕು.

ಎಂಸಿಬಿಗೂ ಆರ್‌ಸಿಸಿಬಿಗೂ ಕಾಣದ ಇನ್ನೊಂದು ಶತ್ರು ಸಡಿಲವಾದ ತಿರುಪು. ಸಾಕೆಟ್ಟಿನ ಹಿಂದೆ ಸಡಿಲಿನಿಂದ 0.2 ಓಮ್‌ನಷ್ಟು ತಡೆ ಇದ್ದು 13 ಆಂಪಿಯರ್ ಹರಿದರೆ ಆ ಒಂದು ಬಿಂದುವಿನಲ್ಲಿ ಹುಟ್ಟುವ ಬಿಸಿ ಸುಮಾರು 34 ವ್ಯಾಟ್. ರೇಡಿಯೊ ರಿಪೇರಿಯವರು ಸೀಸ ಕರಗಿಸುವ ಬೆಸುಗೆ ಕಡ್ಡಿಯೂ ಅಷ್ಟೇ ವ್ಯಾಟಿನದು. ಬೇಸಿಗೆಯ ಮೊದಲಿಗೊಮ್ಮೆ ಮೇನ್ ಆಫ್ ಮಾಡಿಸಿ ಪವರ್ ಸಾಕೆಟ್ಟುಗಳ ತಿರುಪು ಬಿಗಿ ಮಾಡಿಸಬೇಕು. ಪ್ಲಗ್ಗು ಕಿತ್ತಾಗ ಪಿನ್ನು ಕೈ ಸುಟ್ಟರೆ ಆ ಸಾಕೆಟ್ಟನ್ನು ಅಂದೇ ಬದಲಿಸಬೇಕು.

ತಂತಿ ಕೊಳ್ಳುವಾಗ ಐಎಸ್ಐ ಗುರುತು, ಅದರ ಕೆಳಗಿನ ಸಿಎಂ/ಎಲ್ ಸಂಖ್ಯೆ ನೋಡಿ. ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪಿನಲ್ಲಿ ಆ ಸಂಖ್ಯೆ ಹಾಕಿದರೆ ಪರವಾನಗಿ ಯಾರದು, ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲಿ ನಿಂತೇ ತಿಳಿಯುತ್ತದೆ. ಈ ಗುರುತಿಲ್ಲದ ಮನೆ ವೈರ್ ಮಾರುವುದು ಕಾನೂನಿಗೆ ವಿರುದ್ಧ. 90 ಮೀಟರಿನ ಕಾಯಿಲ್ ಕೈಗೆ ತೀರ ಹಗುರವೆನಿಸಿದರೆ, ಬೆಲೆಯೂ ತೀರ ಅಗ್ಗವಾಗಿದ್ದರೆ, ಒಳಗೆ ತಾಮ್ರ ಕಡಿಮೆ ಎಂದೇ ತಿಳಿಯಿರಿ. ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಇರುವವರನ್ನೇ ಕರೆಯಿರಿ.

ನಮ್ಮ ಜಿಲ್ಲೆ ನಾಡಿಗೆ ಕರೆಂಟು ಕೊಡುವ ಜಿಲ್ಲೆ. ಶಕ್ತಿನಗರದ ಎಂಟು ಘಟಕಗಳದ್ದೇ 1720 ಮೆಗಾವ್ಯಾಟ್, ಯರಮರಸಿನದು 1600. ದಕ್ಷಿಣದ ಜಾಲ ಇಡೀ ದೇಶದ ಜಾಲಕ್ಕೆ ಕೂಡಿಕೊಂಡದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ಲೈನಿನಿಂದ. ಇಂಥ ಊರಿನ ಮನೆಯ ಕೊನೆಯ ಇಪ್ಪತ್ತು ಮೀಟರ್ ತಂತಿ ಮಕ್ಕಳ ಜೀವಕ್ಕೆ ಎರವಾಗಬಾರದು ಎಂಬುದೇ ನನ್ನ ಕಳಕಳಿ.

ಮಾನ್ವಿಯ ಕಾಕಾ 32ರ ಎಂಸಿಬಿಯನ್ನು ಅಂಗಡಿಗೆ ಮರಳಿಸಿದರು. ಅಡುಗೆಮನೆಗೆ ಎರಡೂವರೆಯ ಹೊಸ ಲೈನು ಗೋಡೆಯ ಮೇಲಿನ ಪಟ್ಟಿಯಲ್ಲಿ ಹೋಯಿತು, ಎಸಿಗೆ ನಾಲ್ಕರದು ಬೇರೆ ಪೈಪಿನಲ್ಲಿ. ಎರಡಕ್ಕೂ 16ರ ಎಂಸಿಬಿ, ಮೇಲೆ 30 ಮಿಲಿಆಂಪಿಯರಿನ ಒಂದು ಆರ್‌ಸಿಸಿಬಿ. ಹಳೆಯ ಒಂದೂವರೆಯನ್ನು 10ರ ಎಂಸಿಬಿ ಕೆಳಗೆ ದೀಪಗಳಿಗೆ ಬಿಟ್ಟೆವು.

ಈಗ ಮನೆಯಲ್ಲಿದ್ದರೆ ಒಂದು ಕೆಲಸ ಮಾಡಿ. ಡಬ್ಬಿಯ ಮುಚ್ಚಳ ತೆರೆದು ಆರ್‌ಸಿಸಿಬಿ ಮೇಲಿನ 'ಟಿ' ಗುಂಡಿಯನ್ನು ಒಮ್ಮೆ ಒತ್ತಿ. ಕರೆಂಟು ಇರುವಾಗಲೂ ಅದು ಬೀಳದಿದ್ದರೆ, ಅಥವಾ ಅಂಥ ಗುಂಡಿಯೇ ಡಬ್ಬಿಯಲ್ಲಿ ಕಾಣದಿದ್ದರೆ, ಕೂಲರಿಗೆ ನೀರು ತುಂಬುವ ಮೊದಲು ವೈರ್‌ಮನ್‌ಗೆ ಫೋನ್ ಮಾಡಿ.